ಹಳೇ ಕುಕ್ಕರಿನಲ್ಲಿ ಮಜ್ಜಿಗೆ ಹುಲ್ಲಿನ ಎಣ್ಣೆ ಇಳಿಸಿದ್ದು

ಮಾರ್ಚ್ ಬಂತೆಂದರೆ ನಮ್ಮ ಮನೆಯವರ ಹೆಗಲು ಕಲ್ಲಾಗುತ್ತದೆ. ದಾವಣಗೆರೆಯ ಚೌಕಿಪೇಟೆಯ ನಾಲ್ಕೈದು ಬಟ್ಟೆ ಅಂಗಡಿಗಳ ಲೆಕ್ಕ ಬರೆಯುವುದು ಅವರ ಕೆಲಸ. ವರ್ಷದ ಕೊನೆಗೆ ಎಲ್ಲರ ಲೆಕ್ಕವೂ ಒಟ್ಟಿಗೆ ಮೈಮೇಲೆ ಬೀಳುತ್ತದೆ. ರಾತ್ರಿ ಹನ್ನೊಂದಕ್ಕೆ ಬಂದು, ತಟ್ಟೆ ಮುಂದೆ ಕೂತು, ಕತ್ತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಲಟಕ್ ಅನ್ನಿಸುತ್ತಾರೆ. ಮಲಗಿದರೂ ನಿದ್ದೆ ಇಲ್ಲ. ಹೋದ ವರ್ಷ ಯಾರೋ ಹೇಳಿದರು ಅಂತ ಒಂದು ಮಸಾಜ್ ಸೆಂಟರಿಗೆ ಹೋಗಿ 'ಅರೋಮಾ ಮಸಾಜ್' ಮಾಡಿಸಿಕೊಂಡು ಬಂದರು. ಹೆಗಲು ಸಡಿಲ ಆಯಿತು, ನಿಜ. ಆದರೆ ಮಾರನೇ ದಿನ ಬೆನ್ನೆಲ್ಲ ಕೆಂಪು ದದ್ದು. ಯಾವ ಎಣ್ಣೆ ಹಾಕಿದ್ರಿ ಅಂತ ಫೋನ್ ಮಾಡಿ ಕೇಳಿದೆ. "ಇಂಪೋರ್ಟೆಡ್ ಮೇಡಂ" ಅಂದರು.

ನಾನು ಪಿಯು ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಬಾಟಲಿಗಳಿಗೆ ಲೇಬಲ್ ಅಂಟಿಸುತ್ತಲೇ ಹದಿನೆಂಟು ವರ್ಷ ಕಳೆದಿದ್ದೇನೆ. ಇಂಪೋರ್ಟೆಡ್ ಅನ್ನುವ ಹೆಸರಿನ ರಾಸಾಯನಿಕ ಇದುವರೆಗೆ ನೋಡಿಲ್ಲ. ಈ ವರ್ಷ ಏನಾದರಾಗಲಿ, ಬಾಟಲಿಯೊಳಗೆ ಏನಿದೆ ಅಂತ ನನಗೆ ಗೊತ್ತಿರುವ ಎಣ್ಣೆಯಿಂದಲೇ ತಿಕ್ಕುತ್ತೇನೆ ಅಂತ ಹಟ ಹಿಡಿದೆ.

ಹುಲ್ಲು ತವರಿನಲ್ಲಿತ್ತು. ಸಂತೇಬೆನ್ನೂರಿನ ಹತ್ತಿರ ನಮ್ಮ ಅಪ್ಪನ ಅಡಿಕೆ ತೋಟದ ಬದುವಿನ ಮೇಲೆ ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್) ಪೊದೆ ಪೊದೆಯಾಗಿ ಬೆಳೆದಿದೆ. ಮಣ್ಣು ಕೊಚ್ಚಿ ಹೋಗದಿರಲಿ ಅಂತ ನೆಟ್ಟಿದ್ದು. ನೆಗಡಿ ಆದಾಗ ಎರಡು ಎಳೆ ಕಿತ್ತು ಕಷಾಯಕ್ಕೆ ಹಾಕುವುದು ಬಿಟ್ಟರೆ ಅದರ ಕಡೆ ಯಾರೂ ನೋಡುವುದಿಲ್ಲ. ಇದರ ಎಣ್ಣೆಯಲ್ಲಿ ನೂರಕ್ಕೆ 70ರಿಂದ 80 ಪಾಲು ಸಿಟ್ರಾಲ್ ಅನ್ನುವ ಒಂದೇ ಪದಾರ್ಥ. ನಿಂಬೆ ವಾಸನೆ ಕೊಡುವುದು ಅದೇ. ಸಸ್ಯದಿಂದ ಹಬೆಯಲ್ಲಿ ಎಣ್ಣೆ ಇಳಿಸುವುದಕ್ಕೆ ಇಷ್ಟು ಸಲೀಸಾದ ಗಿಡ ಕಡಿಮೆ. ಮಲ್ಲಿಗೆಯನ್ನು ಹೀಗೆ ಮಾಡಲು ಆಗುವುದಿಲ್ಲ. ಹಿಂದೊಮ್ಮೆ ಆಸೆಗೆ ಬಿದ್ದು ಒಂದು ಸೇರು ಮಲ್ಲಿಗೆ ಮೊಗ್ಗಿಗೆ ಹಬೆ ಕೊಟ್ಟಿದ್ದೆ. ಬೇಯಿಸಿದ ಸೊಪ್ಪಿನ ವಾಸನೆ ಬಂತು. ಮಲ್ಲಿಗೆ ಸುಗಂಧವನ್ನು ಕಾರ್ಖಾನೆಯವರು ದ್ರಾವಕದಲ್ಲಿ ನೆನೆಸಿ ತೆಗೆಯುತ್ತಾರೆ. ಅದು ಅಡುಗೆಮನೆ ಕೆಲಸ ಅಲ್ಲ.

ನೀಲಗಿರಿ ಯಾಕೆ ಬೇಡ, ಚಿತ್ರದುರ್ಗದ ದಾರಿಯುದ್ದಕ್ಕೂ ಇದೆಯಲ್ಲ ಅಂತ ತಮ್ಮ ಕೇಳಿದ. ನಮ್ಮ ಬಯಲಿನಲ್ಲಿ ಪೇಪರ್ ಕಾರ್ಖಾನೆಗಾಗಿ ಬೆಳೆಸಿದ ಜಾತಿ ಬೇರೆ, ಊಟಿ ಕಡೆ ಎಣ್ಣೆ ತೆಗೆಯುವ ಜಾತಿ ಬೇರೆ. ಅಲ್ಲದೆ ನೀಲಗಿರಿ ಎಣ್ಣೆ ಅಂದರೆ ನಮ್ಮ ಮನೆಯವರಿಗೆ ನೆಗಡಿ ನೆನಪಾಗುತ್ತದೆ, ನಿದ್ದೆ ಅಲ್ಲ.

ಕುಕ್ಕರ್

ಅಟ್ಟದ ಮೇಲೆ 12 ಲೀಟರಿನ ಹಳೇ ಅಲ್ಯೂಮಿನಿಯಂ ಕುಕ್ಕರ್ ಇತ್ತು. ನನ್ನ ಮದುವೆಯಲ್ಲಿ ಬಂದದ್ದು. ಮನೆಯಲ್ಲಿ ಜನ ಕಡಿಮೆ ಆದಮೇಲೆ ಇಳಿಸಿಯೇ ಇಲ್ಲ. ಸ್ಟೀಲಿನದಾಗಿದ್ದರೆ ಇನ್ನೂ ಒಳ್ಳೆಯದು. ಇದ್ದದ್ದು ಇದು.

ಕೆಲಸ ಸರಳ. ಕುಕ್ಕರಿನ ತಳದಲ್ಲಿ ನೀರು. ಅದರ ಮೇಲೆ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಹುಲ್ಲು. ಹಬೆ ಹುಲ್ಲಿನ ನಡುವೆ ಹಾದು ಹೋಗುವಾಗ ಎಣ್ಣೆಯನ್ನೂ ಎತ್ತಿಕೊಂಡು ಹೋಗುತ್ತದೆ. ಎರಡೂ ಒಂದು ತಾಮ್ರದ ಸುರುಳಿಯೊಳಗೆ ತಣ್ಣಗಾಗಿ ನೀರಾಗಿ ಇಳಿಯುತ್ತವೆ. ಎಣ್ಣೆ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಉತ್ತರ ಪ್ರದೇಶದ ಕನೌಜಿನಲ್ಲಿ ಅತ್ತರು ಮಾಡುವವರು ತಾಮ್ರದ ಹಂಡೆಯಲ್ಲಿ ಮಾಡುವುದೂ ಸರಿಸುಮಾರು ಇದನ್ನೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದು ಪ್ರೆಷರ್ ಕುಕ್ಕರ್ ಆಗಿ ಕೆಲಸ ಮಾಡಬಾರದು. ಹಬೆ ಹೊರಗೆ ಹೋಗುವ ದಾರಿ ಯಾವಾಗಲೂ ಬಿಚ್ಚಿರಬೇಕು. ವಿಜಲ್ ಕೂರುವ ಸಣ್ಣ ನಳಿಗೆಗೇ ಪೈಪ್ ಸಿಕ್ಕಿಸುವವರಿದ್ದಾರೆ. ಆ ತೂತು ಬಹಳ ಸಣ್ಣದು. ಹುಲ್ಲಿನ ಒಂದು ಚೂರು ಹೋಗಿ ಕೂತರೆ ಸಾಕು, ಒಳಗೆ ಒತ್ತಡ ಏರುತ್ತದೆ. ನಾವು ಆ ನಳಿಗೆ ಬಿಚ್ಚಿ, ತೂತು ದೊಡ್ಡದು ಮಾಡಿ, ಅರ್ಧ ಇಂಚಿನ ಹಿತ್ತಾಳೆ ಕನೆಕ್ಟರ್ ಕೂರಿಸಿದೆವು. ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಇರುವ ಜಾಗ ಮುಟ್ಟಲಿಲ್ಲ. ವಾಲ್ವ್ ಹಳೇದಾಗಿತ್ತು ಅಂತ ಅಲ್ಲೇ ಹೊಸದು ಹಾಕಿದೆವು.

'ನಾವು' ಅಂದರೆ ನಾನು ಮತ್ತು ನನ್ನ ತಮ್ಮ. ಪಿ.ಬಿ. ರಸ್ತೆಯಲ್ಲಿ ಅವನದು ಫ್ರಿಜ್ ರಿಪೇರಿ ಅಂಗಡಿ. ತಾಮ್ರದ ಪೈಪ್ ಬಗ್ಗಿಸುವುದು, ತುದಿ ಅರಳಿಸಿ ನಟ್ ಕೂರಿಸುವುದು ಅವನ ದಿನದ ಕೆಲಸ. ಹತ್ತು ಅಡಿ ಪೈಪಿಗೆ, ಎಂಟ್ಹತ್ತು ನಟ್ಟು ವಾಷರಿಗೆ ಸೇರಿ ಸಾವಿರದ ನಾನೂರು ರೂಪಾಯಿ ತಗೊಂಡ. ಅಕ್ಕ ಅಂತ ಐವತ್ತು ಬಿಟ್ಟ.

ಸುರುಳಿ

ತಮ್ಮನಿಗೆ ಅಂಗಡಿಯಲ್ಲಿ ಕೆಲಸ ಜಾಸ್ತಿ ಇತ್ತು. ಸುರುಳಿ ನಾನೇ ಸುತ್ತುತ್ತೇನೆ ಅಂತ ಪೈಪ್ ತಂದೆ. ನಾಲ್ಕು ಇಂಚಿನ ಪಿವಿಸಿ ತುಂಡಿಗೆ ಸುತ್ತಲು ಹೊರಟೆ. ಮೊದಲ ಸುತ್ತಿನ ಅರ್ಧಕ್ಕೇ ಪೈಪ್ ಚಪ್ಪಟೆಯಾಗಿ ಮಡಿಚಿಕೊಂಡಿತು. ನೀರಿನ ಪೈಪ್ ಮಡಚಿದ ಹಾಗೆ. ಆ ಒಂದೂಕಾಲು ಅಡಿ ಕತ್ತರಿಸಿ ಎಸೆಯಬೇಕಾಯಿತು. ತಮ್ಮನಿಗೆ ಫೋನ್ ಮಾಡಿದೆ. "ಅಕ್ಕಾ, ಒಳಗೆ ಉಸುಕು ತುಂಬದೆ ಸುತ್ತಿದ್ಯಾ?" ಅಂದ. ಇದನ್ನು ಮೊದಲೇ ಹೇಳಬೇಕಿತ್ತಲ್ವಾ.

ಉಸುಕು ತುಂಬಿದರೆ ಆಮೇಲೆ ತೊಳೆಯುವುದು ಕಷ್ಟ. ಒಂದು ಕಣ ಉಳಿದರೂ ಎಣ್ಣೆಗೆ ಬರುತ್ತದೆ. ಉಪ್ಪು ಯಾಕಾಗಬಾರದು ಅನಿಸಿತು. ಪುಡಿ ಉಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸಿದೆ. ಪೈಪಿನ ಒಂದು ತುದಿಗೆ ಟೇಪ್ ಸುತ್ತಿ, ಇನ್ನೊಂದು ತುದಿಗೆ ಕಾಗದದ ಕೊಳವೆ ಮಾಡಿ ಉಪ್ಪು ಸುರಿದೆ. ಅರ್ಧ ತುಂಬಿತು, ನಿಂತಿತು. ಚಮಚದಿಂದ ಪೈಪಿಗೆ ಟಣ್ ಟಣ್ ಅಂತ ತಟ್ಟುತ್ತ ಹೋದೆ, ಉಪ್ಪು ಕುಸಿಯುತ್ತ ಹೋಯಿತು. ಹೀಗೆ ಅರ್ಧ ಗಂಟೆ. ತುಂಬಿದ ಮೇಲೆ ಎರಡನೇ ತುದಿಗೂ ಬಿಗಿಯಾಗಿ ಟೇಪ್. ಈಗ ಸುತ್ತಿದರೆ ಪೈಪ್ ಬೆಣ್ಣೆಯ ಹಾಗೆ ಬಗ್ಗಿತು. ಎಲ್ಲೂ ಚಪ್ಪಟೆ ಆಗಲಿಲ್ಲ. ನಾಲ್ಕೂವರೆ ಸುತ್ತು ಬಂತು. ಆಮೇಲೆ ನಲ್ಲಿಗೆ ಹಿಡಿದರೆ ಉಪ್ಪೆಲ್ಲ ಕರಗಿ ಹೋಯಿತು. ಈ ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಇದೊಂದರ ಬಗ್ಗೆ.

20 ಲೀಟರಿನ ಬಣ್ಣದ ಬಕೆಟ್ಟಿನೊಳಗೆ ಸುರುಳಿ ನಿಲ್ಲಿಸಿ, ಕೆಳತುದಿಯನ್ನು ಬಕೆಟ್ಟಿನ ಬುಡದ ಹತ್ತಿರ ತೂತು ಕೊರೆದು ಹೊರಗೆ ತೆಗೆದೆ. ಸುತ್ತಲೂ ಎಂ-ಸೀಲ್ ಮೆತ್ತಿದೆ. ಒಣಗುವಷ್ಟು ತಾಳ್ಮೆ ಇರಲಿಲ್ಲ. ನೀರು ಹಾಕಿ ನೋಡಿದೆ, ಸೋರಿತು. ಕಿತ್ತು, ಒರೆಸಿ, ಮತ್ತೆ ಮೆತ್ತಿ, ಈ ಸಲ ಮುಟ್ಟದೆ ಬೆಳಗಿನವರೆಗೆ ಬಿಟ್ಟೆ.

ಕುಕ್ಕರಿನಿಂದ ಸುರುಳಿಯವರೆಗೆ ಎರಡು ಅಡಿ ಪೈಪ್ ಬೇಕಿತ್ತು. ತಾಮ್ರ ಮುಗಿದಿತ್ತು, ಮನೆಯಲ್ಲಿದ್ದ ಪ್ಲಾಸ್ಟಿಕ್ ಪೈಪ್ ಹಾಕಿದೆ. ಇದು ತಪ್ಪು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ಭಾನುವಾರ

ತಮ್ಮ ಶನಿವಾರ ಬೈಕಿನ ಮೇಲೆ ಹುಲ್ಲು ಕಟ್ಟಿಕೊಂಡು ಬಂದ. ನೆಲದಿಂದ ಒಂದು ಗೇಣು ಬಿಟ್ಟು ಕೊಯ್ದರೆ ಬುಡ ಮತ್ತೆ ಚಿಗುರುತ್ತದೆ. ಎಲೆಯ ಅಂಚು ಬ್ಲೇಡಿನ ಹಾಗೆ. ಅಪ್ಪನ ಕೈ ಮೇಲೆ ಗೀರು, ತಮ್ಮನ ಕತ್ತಿನ ಮೇಲೆ ಗೀರು. ಮನೆಗೆ ತಂದಮೇಲೆ ನೆರಳಲ್ಲಿ ಹರಡಿ ಒಂದು ರಾತ್ರಿ ಬಾಡಿಸಿದೆ. ಬಾಡಿದರೆ ನೀರಿನಂಶ ಹೋಗಿ ಕುಕ್ಕರಿನಲ್ಲಿ ಜಾಸ್ತಿ ಹುಲ್ಲು ಹಿಡಿಸುತ್ತದೆ. ಬೆಳಿಗ್ಗೆ ಎರಡು ಇಂಚಿನ ಚೂರು ಮಾಡಿ ತುಂಬಿದೆ. ಒಂದೂವರೆ ಕಿಲೋ ಹಿಡಿಯಿತು. ಕೈಯಿಂದ ಒತ್ತಿದ್ದು ನಿಜ, ಆದರೆ ತುರುಕಿರಲಿಲ್ಲ. ತುರುಕಿದರೆ ಹಬೆ ಒಂದೇ ಕಡೆ ದಾರಿ ಮಾಡಿಕೊಂಡು ಹೋಗುತ್ತದೆ, ಉಳಿದ ಹುಲ್ಲು ಹಾಗೇ ಉಳಿಯುತ್ತದೆ.

ಹುಲ್ಲು ತುಂಬುವ ಮುಂಚೆ ಬರೀ ನೀರು ಹಾಕಿ ಅರ್ಧ ಗಂಟೆ ಓಡಿಸಿದ್ದೆ. ಪೈಪಿನೊಳಗಿನ ಕೊಳೆ, ಉಪ್ಪಿನ ಪಸೆ ಹೋಗಲಿ ಅಂತ. ಆ ನೀರು ಚೆಲ್ಲಿದೆ.

ಹಿತ್ತಲಲ್ಲಿ ಒಂಟಿ ಒಲೆಯ ಗ್ಯಾಸ್ ಸ್ಟವ್ ಇಟ್ಟು ಹಚ್ಚಿದೆ. ಎಣ್ಣೆ ಬೆಂಕಿ ಹಿಡಿಯುವ ಪದಾರ್ಥ, ಅದಕ್ಕೆ ಬಾಟಲಿ ಇಡುವ ಜಾಗ ಸ್ಟವ್‌ನಿಂದ ನಾಲ್ಕು ಅಡಿ ದೂರ ಮಾಡಿದ್ದೆ. ಹತ್ತು ನಿಮಿಷಕ್ಕೆ ಕುಕ್ಕರ್ ಕುದಿಯಿತು. ಆಮೇಲೆ ಗುಳುಗುಳು ಸದ್ದು. ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಗುಳಕ್ ಅಂತ ಒಂದು ಲೋಟ ನೀರು ಒಟ್ಟಿಗೆ ಉಗುಳುತ್ತಿತ್ತು. ನೋಡಿದರೆ ಪ್ಲಾಸ್ಟಿಕ್ ಪೈಪ್ ಬಿಸಿಗೆ ಮೆತ್ತಗಾಗಿ ನಡುವೆ ಜೋತು ಬಿದ್ದಿತ್ತು. ಅಲ್ಲಿ ನೀರು ನಿಂತು, ಹಬೆ ತಳ್ಳಿದಾಗ ಒಮ್ಮೆಲೇ ಹೋಗುತ್ತಿತ್ತು. ದಾರಿ ಎಲ್ಲೂ ಏರಬಾರದು. ಕುಕ್ಕರಿನಿಂದ ಹೊರಟದ್ದು ಬಾಟಲಿಯವರೆಗೆ ಇಳಿಯುತ್ತಲೇ ಇರಬೇಕು.

ಒಂದು ಗಂಟೆ ಆಯಿತು. ಹಾಲಿನಂಥ ನೀರು ಬಂತು. ಮೇಲೆ ಎಣ್ಣೆಯ ತೆಳು ಪದರ. ಖುಷಿಯಿಂದ ಮೂಸಿದೆ. ನಿಂಬೆ ವಾಸನೆ ಇತ್ತು. ಅದರ ಹಿಂದೆಯೇ ಹೊಸ ರೇನ್‌ಕೋಟಿನ ವಾಸನೆ. ಸಿಟ್ರಾಲ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಪೈಪಿನ ಒಳಮೈ ಬೆರಳಿಗೆ ಅಂಟುತ್ತಿತ್ತು. ಹದಿನೆಂಟು ವರ್ಷ ಲ್ಯಾಬಿನಲ್ಲಿ ಇದ್ದವಳು ಇದನ್ನು ಮಾಡಿದೆ ಅಂತ ಯಾರಿಗೂ ಹೇಳಬಾರದು ಅಂದುಕೊಂಡಿದ್ದೆ.

ಆ ಹೊತ್ತಿಗೇ ಪಕ್ಕದ ಮನೆ ಅಜ್ಜ ಕಾಂಪೌಂಡಿನ ಮೇಲಿಂದ ಇಣುಕಿದರು. ಕುಕ್ಕರ್, ತಾಮ್ರದ ಪೈಪ್, ಬಕೆಟ್, ತೊಟ್ಟಿಕ್ಕುವ ಬಾಟಲಿ, ಎಲ್ಲ ನೋಡಿದರು.

"ಏನಮ್ಮಾ, ಸಾರಾಯಿ ಬಂದ್ ಆಗಿ ಎಷ್ಟೋ ವರ್ಷ ಆಯ್ತು. ನೀನು ಈಗ ಶುರು ಮಾಡಿದ್ಯಾ?"

"ಎಣ್ಣೆ ಭಟ್ಟಿ ಅಜ್ಜಾ, ಮೈಗೆ ಹಚ್ಚೋದು."

"ನಮ್ಮೂರಲ್ಲಿ ಭಟ್ಟಿ ಅಂದ್ರೆ ಮಂಡಕ್ಕಿ ಭಟ್ಟಿ ಒಂದೇ ಅಂದ್ಕಂಡಿದ್ದೆ" ಅಂತ ನಗುತ್ತಾ ಹೋದರು. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಅಜ್ಜನ ದನಿಯಲ್ಲಿ ಸ್ವಲ್ಪ ಆಸೆಯೂ ಇತ್ತು ಅಂತ ನನ್ನ ಗುಮಾನಿ.

ಎರಡನೇ ಭಾನುವಾರ

ತಮ್ಮನ ಅಂಗಡಿಯಿಂದ ಇನ್ನು ಮೂರು ಅಡಿ ತಾಮ್ರ ಬಂತು. ಈಗ ಕುಕ್ಕರಿನಿಂದ ಸುರುಳಿಯವರೆಗೆ ಪೂರ್ತಿ ತಾಮ್ರ. ಪೈಪ್ ಇಳಿಜಾರಾಗಿ ಬರಲಿ ಅಂತ ಕುಕ್ಕರನ್ನು ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟೆ, ಬಕೆಟ್ಟನ್ನು ಸ್ಟೂಲಿನ ಮೇಲೆ. ಕನೆಕ್ಟರಿನ ಹತ್ತಿರ ಹಬೆ ಸಣ್ಣಗೆ ಸೋರುತ್ತಿತ್ತು. ಅತ್ತೆ ನೋಡುತ್ತಾ ಕೂತಿದ್ದರು, ಎದ್ದು ಒಳಗೆ ಹೋಗಿ ಚಪಾತಿ ಹಿಟ್ಟಿನ ಉಂಡೆ ತಂದು ಸುತ್ತಲೂ ಮೆತ್ತಿದರು. ಐದು ನಿಮಿಷಕ್ಕೆ ಹಿಟ್ಟು ಬೆಂದು ಗಟ್ಟಿಯಾಗಿ ಸೋರುವುದು ನಿಂತಿತು. ರಬ್ಬರ್ ವಾಷರನ್ನಾದರೆ ಸಿಟ್ರಾಲ್ ತಿನ್ನುತ್ತದೆ, ಹಿಟ್ಟಿಗೆ ಏನೂ ಮಾಡುವುದಿಲ್ಲ. ಇನ್ನು ಮೇಲೆ ನಮ್ಮ ಸೀಲ್ ಅದೇ.

ಬಕೆಟ್ಟಿನ ನೀರಿನದು ದೊಡ್ಡ ರಗಳೆ. ಒಂದು ಲೀಟರ್ ನೀರಿನಿಂದ ಎದ್ದ ಹಬೆ ಮತ್ತೆ ನೀರಾಗುವಾಗ ಬಿಡುವ ಶಾಖ ಸುಮಾರು 2,250 ಕಿಲೋಜೌಲ್. 20 ಲೀಟರ್ ನೀರಿನ ಬಿಸಿಯನ್ನು ಅದು ಹತ್ತಿರ ಹತ್ತಿರ 27 ಡಿಗ್ರಿ ಏರಿಸುತ್ತದೆ. ನಮ್ಮ ದಾವಣಗೆರೆಯ ಬೇಸಿಗೆಯಲ್ಲಿ ಟ್ಯಾಂಕಿನ ನೀರು ಮಧ್ಯಾಹ್ನ ಮೊದಲೇ ಸುಡುತ್ತಿರುತ್ತದೆ. ಅದಕ್ಕೆ ಬೆಳಿಗ್ಗೆ ಆರಕ್ಕೇ ಶುರು ಮಾಡಿದೆ. ಬಿಸಿ ನೀರು ಮೇಲೆ ನಿಲ್ಲುತ್ತದೆ, ಹಾಗಾಗಿ ಮೇಲಿನಿಂದ ಮಗ್ಗಿನಲ್ಲಿ ತೋಡಿ ತೆಗೆದು, ತಣ್ಣೀರನ್ನು ಪೈಪಿನಲ್ಲಿ ಬುಡಕ್ಕೆ ಬಿಡುತ್ತಿದ್ದೆ. ತೋಡಿದ ನೀರಲ್ಲಿ ಮನೆಮಂದಿಯ ಸ್ನಾನ ಮುಗಿಯಿತು. ಆವತ್ತು ನಲ್ಲಿ ನೀರು ಬರುವ ದಿನ, ಅದೊಂದು ಅದೃಷ್ಟ.

ಈ ಸಲ ಸದ್ದಿಲ್ಲ. ಪೈಪಿನ ತುದಿಯಿಂದ ನೂಲಿನ ಹಾಗೆ ಸಣ್ಣ ಧಾರೆ. ಹಿಡಿಯಲು ಲ್ಯಾಬ್ ಸಾಮಾನಿನ ಅಂಗಡಿಯಿಂದ 500 ಎಂಎಲ್‌ನ ಸೆಪರೇಟಿಂಗ್ ಫನಲ್ ಕೊಂಡು ತಂದಿದ್ದೆ. ಕಾಲೇಜಿನದು ತರಬಹುದಿತ್ತಲ್ಲ ಅಂತ ನಮ್ಮ ಮನೆಯವರು ಕೇಳಿದರು. ಅದು ಕಾಲೇಜಿನದು. ಫನಲಿನ ಬುಡದಲ್ಲಿ ನಲ್ಲಿ ಇರುತ್ತದೆ. ತುಂಬುತ್ತಾ ಬಂದಾಗ ನಲ್ಲಿ ತಿರುಗಿಸಿ ಕೆಳಗಿನ ನೀರು ಬಿಟ್ಟರೆ ಎಣ್ಣೆ ಮೇಲೇ ಉಳಿಯುತ್ತದೆ. ಮೊದಲ ಹತ್ತು ನಿಮಿಷ ಮಂಜು ಮಂಜಾದ ನೀರು. ಆಮೇಲೆ ಸಣ್ಣ ಸಣ್ಣ ಹಳದಿ ಕಣಗಳು ಮೇಲೇರಿ ಗಾಜಿಗೆ ಅಂಟಿ, ಒಂದಕ್ಕೊಂದು ಕೂಡಿ, ಉಂಗುರವಾಗಿ, ಕಡೆಗೆ ಒಂದು ಪದರವಾದವು. ಎಳೆ ಹಳದಿ. ಬಿಸಿಲಿಗೆ ಹಿಡಿದರೆ ಹೊಳೆಯುತ್ತಿತ್ತು. ಅತ್ತೆ ಕನ್ನಡಕ ತಂದು ನೋಡಿದರು.

ಒಂದೂವರೆ ಗಂಟೆಗೆ ನಿಲ್ಲಿಸಿದೆ. ಕುಕ್ಕರಿಗೆ ಹಾಕಿದ್ದ ಎರಡೂವರೆ ಲೀಟರ್ ನೀರಿನಲ್ಲಿ ಇನ್ನೊಂದು ಲೀಟರ್ ಉಳಿದಿತ್ತು. ಅದು ಪೂರ್ತಿ ಒಣಗಲು ಬಿಡಬಾರದು, ಹುಲ್ಲು ಸೀದರೆ ಎಣ್ಣೆಗೂ ಸೀದ ವಾಸನೆ.

ಒಂದೂವರೆ ಕಿಲೋ ಹುಲ್ಲಿಗೆ ಬಂದದ್ದು ನಾಲ್ಕು ಎಂಎಲ್. ಒಂದು ಟೀ ಚಮಚವೂ ತುಂಬುವುದಿಲ್ಲ. ಇವರು ಬಾಟಲಿ ಎತ್ತಿ ನೋಡಿ, "ಇಷ್ಟಕ್ಕಾ ಹದಿನೈದು ದಿನ?" ಅಂದರು. ಲೆಕ್ಕದವರಲ್ವಾ. ಆದರೆ ಹಸಿ ಹುಲ್ಲಿನಲ್ಲಿ ಎಣ್ಣೆ ಇರುವುದೇ ಸಾವಿರಕ್ಕೆ ಎರಡರಿಂದ ಐದು ಪಾಲು. ನಮ್ಮದು ಅದರ ಕೆಳಗಿನ ಅಂಚಿನ ಹತ್ತಿರ ಬಿತ್ತು.

ಎಣ್ಣೆಯಲ್ಲಿ ನೀರಿನ ಹನಿ ಉಳಿದು ಮಬ್ಬಾಗಿತ್ತು. ರಾತ್ರಿ ಫ್ರೀಜರಿನಲ್ಲಿ ಇಟ್ಟೆ. ನೀರು ಗಡ್ಡೆ ಕಟ್ಟಿತು, ಎಣ್ಣೆ ಕಟ್ಟಲಿಲ್ಲ. ಮೇಲಿನದನ್ನು ಕಂದು ಗಾಜಿನ ಬಾಟಲಿಗೆ ಬಗ್ಗಿಸಿ ಲೇಬಲ್ ಅಂಟಿಸಿದೆ: ಮಜ್ಜಿಗೆ ಹುಲ್ಲು, ತಾರೀಕು, 4 ಎಂಎಲ್. ಬೆಳಕು ಗಾಳಿ ಎರಡೂ ಇದಕ್ಕೆ ಆಗುವುದಿಲ್ಲ.

ಕಡಿಮೆ ಹಾಕುವುದು

ಇನ್ನು ಮುಖ್ಯ ವಿಷಯ. ಈ ಎಣ್ಣೆಯನ್ನು ಹಾಗೇ ಮೈಗೆ ಹಚ್ಚಬಾರದು. ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ, ಅದರಲ್ಲಿ ಬೆರೆಸಿ ಹಚ್ಚಬೇಕು. ಮಸಾಜಿಗೆ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡು ಪಾಲು. ಮಜ್ಜಿಗೆ ಹುಲ್ಲಿನದಾದರೆ ಅಷ್ಟೂ ಬೇಡ, ಸಿಟ್ರಾಲ್ ಚರ್ಮಕ್ಕೆ ಚುರುಕು. ಅದಕ್ಕೆ ಹೇಳುವ ಮಿತಿ 0.7. ಅಂದರೆ 30 ಎಂಎಲ್ ಎಣ್ಣೆಗೆ 0.2 ಎಂಎಲ್.

ಇದು ನನಗೆ ಗೊತ್ತಿತ್ತು. ಆದರೂ 15 ದಿನ ಒದ್ದಾಡಿ ತೆಗೆದ ಎಣ್ಣೆಯನ್ನು ನಾಲ್ಕು ಹನಿ ಹಾಕಿ ನಿಲ್ಲಿಸಲು ಮನಸ್ಸು ಬರಲಿಲ್ಲ. ಒಂದು ಎಂಎಲ್ ಸುರಿದೆ. ಘಮ್ ಅಂದಿತು. ಪುಣ್ಯಕ್ಕೆ ಮೊದಲು ನನ್ನ ಮೊಣಕೈ ಒಳಗಡೆಯೇ ಹಚ್ಚಿ ನೋಡಿದೆ. ಅರ್ಧ ಗಂಟೆಗೆ ಉರಿ, ಸಂಜೆಗೆ ರೂಪಾಯಿ ಬಿಲ್ಲೆಯಷ್ಟು ಕೆಂಪು. ಹೋದ ವರ್ಷ ಇವರ ಬೆನ್ನ ಮೇಲೆ ಎದ್ದಿದ್ದೂ ಇಂಥದ್ದೇ ಇರಬಹುದು. ಆ ಸೆಂಟರಿನವರನ್ನು ವರ್ಷವಿಡೀ ಬೈದಿದ್ದೆ, ಅದೇ ತಪ್ಪು ನನ್ನ ಕೈಯಿಂದಲೇ ಆಯಿತು. ಹೀಗಾದಾಗ ನೀರಿನಿಂದ ತೊಳೆದರೆ ಪ್ರಯೋಜನ ಇಲ್ಲ, ಇದು ನೀರಿಗೆ ಬಿಡುವುದಿಲ್ಲ. ಮೊದಲು ಬರೀ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು.

ಹನಿ ಲೆಕ್ಕವನ್ನೂ ನಂಬಬೇಡಿ. ಒಂದು ಎಂಎಲ್‌ಗೆ 20 ಹನಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನನ್ನ ಗಾಜಿನ ಡ್ರಾಪರಿನಲ್ಲಿ ಎಣಿಸಿದೆ, 34 ಬಂತು. ಇನ್ನೊಂದು ಬಾಟಲಿಯ ಮೂತಿಯಿಂದ 22. ಮೆಡಿಕಲ್ ಶಾಪಿನಲ್ಲಿ ಐದು ಹತ್ತು ರೂಪಾಯಿಗೆ ಒಂದು ಎಂಎಲ್ ಸಿರಿಂಜ್ ಸಿಗುತ್ತದೆ. ಅದರಲ್ಲಿ ಅಳೆದು ತಕ್ಷಣ ಖಾಲಿ ಮಾಡಿ. ಹೊತ್ತು ಬಿಟ್ಟರೆ ಅದರ ರಬ್ಬರ್ ಉಬ್ಬುತ್ತದೆ.

ಯಾವ ಎಣ್ಣೆಯಲ್ಲಿ ಬೆರೆಸುವುದು ಅನ್ನುವುದಕ್ಕೂ ಒಂದು ಕತೆ ಇದೆ. ಚಳ್ಳಕೆರೆಯಿಂದ ಬಂದ ಗಾಣದ ಶೇಂಗಾ ಎಣ್ಣೆ ಮನೆಯಲ್ಲಿತ್ತು. ಎಣ್ಣೆಗೆ ಹೆಸರಾದ ಊರು, ಒಳ್ಳೆ ಮಾಲು. ಅದರಲ್ಲೇ ಬೆರೆಸಿ ಇವರ ಹೆಗಲಿಗೆ ತಿಕ್ಕಿದೆ. ಜಾರಿತೇನೋ ಚೆನ್ನಾಗಿ. ಆದರೆ ಮೈಯ ಬಿಸಿಗೆ ಶೇಂಗಾ ವಾಸನೆ ಎದ್ದು, ನಿಂಬೆ ವಾಸನೆಯ ಜೊತೆ ಸೇರಿ, ಇಡೀ ಕೋಣೆ ಖಾರ ಮಂಡಕ್ಕಿ ಅಂಗಡಿ ಆಯಿತು. "ಹಸಿವಾಗ್ತಿದೆ ಕಣೇ" ಅಂದರು. ಶೇಂಗಾ ಅಲರ್ಜಿ ಇರುವವರಿಗಂತೂ ಅದು ಬೇಡವೇ ಬೇಡ. ಬರೀ ಎಳ್ಳೆಣ್ಣೆ ನಮಗೆ ಜಿಗುಟು ಅನಿಸಿತು. ಬರೀ ಕೊಬ್ಬರಿ ಎಣ್ಣೆ ಡಿಸೆಂಬರ್ ಜನವರಿಯಲ್ಲಿ ಗಟ್ಟಿಯಾಗುತ್ತದೆ. ಕಡೆಗೆ ನಿಂತದ್ದು ಹೀಗೆ: ಕೊಬ್ಬರಿ ಎಣ್ಣೆ 20 ಎಂಎಲ್, ಎಳ್ಳೆಣ್ಣೆ 10, ಮಜ್ಜಿಗೆ ಹುಲ್ಲಿನದು 0.2, ಲ್ಯಾವೆಂಡರ್ 0.3.

ಲ್ಯಾವೆಂಡರ್ ಕೊಂಡದ್ದು. ಅದು ನಮ್ಮ ಬಿಸಿಲಿನ ಗಿಡ ಅಲ್ಲ. ನಮ್ಮ ದೇಶದಲ್ಲಿ ಅದನ್ನು ಹೆಚ್ಚಾಗಿ ಬೆಳೆಯುವುದು ಜಮ್ಮುವಿನ ಭದರ್ವಾ ಕಡೆಯ ಗುಡ್ಡಗಳಲ್ಲಿ. ಕೊಳ್ಳುವಾಗ ಬಾಟಲಿಯ ಮೇಲೆ ಗಿಡದ ಶಾಸ್ತ್ರೀಯ ಹೆಸರು ಇದೆಯಾ ನೋಡಿ. 'ಫ್ರೇಗ್ರನ್ಸ್ ಆಯಿಲ್' ಅಂತಿದ್ದರೆ ಅದು ಅಗರಬತ್ತಿಗೆ, ಮೈಗಲ್ಲ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಮಾರನೇ ದಿನ ನೋಡಿ. ಬೋಂಡಾ ಕಟ್ಟಿದ ಕಾಗದದ ಹಾಗೆ ಜಿಡ್ಡು ಕಲೆ ಉಳಿದರೆ ಅಡುಗೆ ಎಣ್ಣೆ ಬೆರೆಸಿದ್ದಾರೆ ಅಂತ. ಕೃತಕ ಸೆಂಟು ಬೆರೆಸಿದ್ದರೆ ಈ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಇನ್ನು ಇನ್ನೂರು ರೂಪಾಯಿಗೆ ಶ್ರೀಗಂಧದ ಎಣ್ಣೆ ಅಂದರೆ, ನಗು ಬಂದರೆ ನಕ್ಕುಬಿಡಿ.

ಬೆರೆಸಿದ್ದನ್ನು ಮೊದಲು ಮೊಣಕೈ ಒಳಗೆ ಹಚ್ಚಿ ಒಂದು ದಿನ ಕಾದೆವು, ಇವರ ಕೈಗೂ ನನ್ನ ಕೈಗೂ. ಏನೂ ಆಗಲಿಲ್ಲ. ಬಸುರಿಯರು, ಚಿಕ್ಕ ಮಕ್ಕಳು, ಮೂರ್ಛೆ ರೋಗ ಅಥವಾ ಆಸ್ತಮಾ ಇರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಜ್ವರ ಇದ್ದಾಗ, ಗಾಯದ ಮೇಲೆ, ಒಂದೇ ಕಾಲು ಊದಿ ನೋಯುತ್ತಿದ್ದಾಗ ತಿಕ್ಕುವುದೇ ತಪ್ಪು.

ಕೈ ಎತ್ತಬೇಡ

ಇಂಥ ಎಣ್ಣೆಗಳ ಚಿಕಿತ್ಸೆಗೆ ಅರೋಮಾಥೆರಪಿ ಅನ್ನುವ ಹೆಸರು ಕೊಟ್ಟವರು ಫ್ರಾನ್ಸಿನ ರಸಾಯನ ತಜ್ಞ ಗಾಟ್‌ಫೊಸೆ. ಆ ಎಣ್ಣೆಯನ್ನು ತೆಳು ಮಾಡಿ ಮಸಾಜಿಗೆ ತಂದ ಹೆಸರು ಆಸ್ಟ್ರಿಯಾ ಮೂಲದ ಮಾರ್ಗರೀಟ್ ಮೋರಿ ಎಂಬವರದು. ನನಗೆ ಕಲಿಸಿದ್ದು ನಮ್ಮ ಅತ್ತೆ. ನಮ್ಮ ಬೀದಿಯ ಎಷ್ಟೋ ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆದ ಕೈ ಅದು.

ನಾನು ಎಣ್ಣೆ ಬಟ್ಟಲನ್ನು ಸ್ಟವ್ ಮೇಲೆ ಇಡಲು ಹೋದೆ. ಅತ್ತೆ ಕಿತ್ತುಕೊಂಡರು. ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಡು, ಬೆಂಕಿ ತೋರಿಸಬೇಡ. ಸರಿಯೇ, ಬೆಂಕಿ ತಗುಲಿದರೆ ನಾವು ಇಳಿಸಿದ್ದೆಲ್ಲ ಮತ್ತೆ ಗಾಳಿಗೆ ಹೋಗುತ್ತದೆ. ಫ್ಯಾನ್ ಆರಿಸಿದೆವು. ಇವರ ಫೋನನ್ನು ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ ಇಟ್ಟೆ. ಹತ್ತು ಎಂಎಲ್ ಎಣ್ಣೆ ಪೂರ್ತಿ ಬೆನ್ನಿಗೆ ಸಾಕು.

ನಾನು ಸೀದಾ ನೋವಿದ್ದ ಜಾಗಕ್ಕೇ ಹೆಬ್ಬೆರಳು ಒತ್ತಿದೆ. ಇವರು "ಅಮ್ಮಾ" ಅಂತ ಎದ್ದು ಕೂತರು. ಅತ್ತೆ ನನ್ನನ್ನು ಸರಿಸಿ ಮಾಡಿ ತೋರಿಸಿದರು. ಮೊದಲು ಒತ್ತುವುದೇ ಇಲ್ಲ. ಎರಡೂ ಅಂಗೈ ಚಪ್ಪಟೆ ಇಟ್ಟು, ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ ಸೊಂಟದಿಂದ ಹೆಗಲವರೆಗೆ ನೀವುವುದು. ಹೆಗಲು ಸುತ್ತಿ ಪಕ್ಕದಿಂದ ಕೆಳಗೆ ಬರುವುದು. ಮೂಳೆಯ ಮೇಲೆ ಭಾರ ಹಾಕುವಂತಿಲ್ಲ. ಹೀಗೆ ಹತ್ತು ಹದಿನೈದು ಸಲ. "ಕೈ ಎತ್ತಬೇಡ. ಎಣ್ಣೆ ತಗೊಳ್ಳುವಾಗಲೂ ಒಂದು ಕೈ ಮೈಮೇಲೆ ಇರಬೇಕು. ಕೈ ಎತ್ತಿದ್ರೆ ಕೂಸು ಬೆಚ್ಚಿ ಬೀಳುತ್ತೆ" ಅಂದರು. ಐವತ್ತೆರಡು ವರ್ಷದ ಕೂಸು ಸುಮ್ಮನೆ ಮಲಗಿತ್ತು.

ಆಮೇಲೆ ಕತ್ತಿನಿಂದ ಹೆಗಲಿಗೆ ಇಳಿಯುವ ಆ ಏಣನ್ನು ಬೆರಳು ಮತ್ತು ಅಂಗೈ ಬುಡದ ನಡುವೆ ಹಿಡಿದು, ನಾದುವ ಹಾಗೆ ಹಿಸುಕಿ ಬಿಡುವುದು. ಗಂಟು ಸಿಕ್ಕ ಕಡೆ ಹೆಬ್ಬೆರಳಿನಿಂದ ನಿಧಾನ ಒತ್ತಿ, ಉಸಿರು ಬಿಡುವವರೆಗೆ ಹಿಡಿದು, ಬಿಡುವುದು. ಕಿವಿ ಹಿಂದಿನಿಂದ ಕೆಳಕ್ಕೆ. ಕತ್ತಿನ ಮುಂಭಾಗ ಮುಟ್ಟುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ಗೊರಕೆ ಶುರುವಾಯಿತು.

ಈಗ ನನ್ನ ಲ್ಯಾಬ್ ಬುದ್ಧಿ ಸುಮ್ಮನಿರಲಿಲ್ಲ. ನಿದ್ದೆ ತಂದದ್ದು ಎಣ್ಣೆಯಾ, ಕೈಯಾ? ವಾಸನೆ ಮೂಗಿನಿಂದ ಮಿದುಳಿನಲ್ಲಿ ಭಾವನೆಗಳ ಜಾಗಕ್ಕೆ ಬೇಗ ತಲುಪುತ್ತದೆ ಅನ್ನುವುದು ಸರಿ. ಆದರೆ ಬೆನ್ನು ನೀವಿಸಿಕೊಂಡವರಿಗೆ ಹೇಗಿದ್ದರೂ ಹಾಯಾಗುತ್ತದೆ. ಎರಡು ಬಾಟಲಿ ಮಾಡಿದೆ. ಒಂದರಲ್ಲಿ ಸುಗಂಧ, ಇನ್ನೊಂದರಲ್ಲಿ ಬರೀ ಕೊಬ್ಬರಿ ಮತ್ತು ಎಳ್ಳೆಣ್ಣೆ. ಯಾವುದು ಯಾವುದೆಂದು ಹೇಳದೆ ಒಂದು ದಿನ ಬಿಟ್ಟು ಒಂದು ದಿನ ತಿಕ್ಕೋಣ ಅಂತ. ಮೊದಲ ದಿನವೇ ಸೋತೆ. ಎಣ್ಣೆ ಬೆನ್ನಿಗೆ ತಾಗುವ ಮೊದಲೇ, "ಇವತ್ತು ವಾಸನೆದು ಖಾಲಿ ಆಯ್ತಾ?" ಅಂದರು. ವಾಸನೆಯನ್ನು ಬಚ್ಚಿಡಲು ಆಗುವುದಿಲ್ಲ. ಈ ವಿಷಯದಲ್ಲಿ ಗಟ್ಟಿ ಪರೀಕ್ಷೆ ಮಾಡುವುದು ದೊಡ್ಡ ಸಂಶೋಧಕರಿಗೂ ಕಷ್ಟ ಆಗಿರುವುದು ಇದಕ್ಕೇ.

ಬರೀ ಎಣ್ಣೆಯ ದಿನವೂ ಗೊರಕೆ ಬಂತು. ಐದಾರು ನಿಮಿಷ ತಡವಾಗಿ. ಆ ಐದಾರು ನಿಮಿಷಕ್ಕೆ ನಾನು ಏನೂ ಅರ್ಥ ಹಚ್ಚುವುದಿಲ್ಲ. ಆವತ್ತು ಜಿಎಸ್‌ಟಿ ಪೋರ್ಟಲ್ ಕೈ ಕೊಟ್ಟಿತ್ತು.

ಮಾರ್ಚ್ 31ರ ರಾತ್ರಿ ಇವರು ಬಂದಾಗ ಹನ್ನೆರಡೂವರೆ. ಕೇಳದೆಯೇ ಶರ್ಟ್ ಬಿಚ್ಚಿ, ಫೋನನ್ನು ತಾವೇ ತಗೊಂಡು ಹೋಗಿ ಅಕ್ಕಿ ಡಬ್ಬದ ಮೇಲೆ ಇಟ್ಟು ಬಂದರು.

ಆಗಬೇಕಾದ ಕೆಲಸ ಇನ್ನೂ ಇದೆ. ಬಕೆಟ್ಟಿಗೆ ಮೇಲೊಂದು ಕೆಳಗೊಂದು ನಲ್ಲಿ ಹಾಕಬೇಕು, ಮಗ್ಗಿನಲ್ಲಿ ತೋಡಿ ಬೆನ್ನು ಹಿಡಿಯುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಸೋಪಿನಲ್ಲಿ ಮೂರು ಸಲ ತೊಳೆದರೂ ಘಮಘಮ ಅನ್ನುತ್ತಿದೆ. ಆ ಕುಕ್ಕರಿನಲ್ಲಿ ಇನ್ನು ಅನ್ನ ಮಾಡುವ ಹಾಗಿಲ್ಲ. ಗ್ಯಾಸ್ಕೆಟ್ಟನ್ನು ಹಿತ್ತಲ ತಂತಿಗೆ ಬಟ್ಟೆ ಜೊತೆ ನೇತು ಹಾಕಿದ್ದೇನೆ. ಹುಲ್ಲು ಮತ್ತೆ ಮಂಡಿಯುದ್ದ ಬಂದಿದೆ ಅಂತ ಅಪ್ಪ ಫೋನ್ ಮಾಡಿದ್ದರು.